ಘಟಪ್ರಭೆಯ ಸವುಳು ನೆಲ

ನೀರಿಲ್ಲದೆ ನೆಲ ಕೆಡುವುದನ್ನು ಕನ್ನಡ ನಾಡು ಬಹುಕಾಲದಿಂದ ಬಲ್ಲದು. ನೀರು ಬಂದು ನೆಲ ಕೆಡುವುದನ್ನು ಕಾಣಬೇಕಾದವರು ಘಟಪ್ರಭೆಯ ಕಾಲುವೆಗಳ ಕೆಳಗಿನ ಹೊಲಗಳನ್ನು ನೋಡಬೇಕು. ಗೋಕಾಕ ತಾಲೂಕಿನ ಧೂಪದಾಳದ ಒಡ್ಡು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ್ದು. ಮುಂದೆ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ 51 ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯವೇ ಎದ್ದಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗಳ ಜೋಳದ ಎರೆಹೊಲಗಳಲ್ಲಿ ಕಬ್ಬು ಬಂದು ನೆಲೆಸಿತು. ಆ ಜಲಾಶಯಕ್ಕೆ ರಾಜಾ ಲಖಮಗೌಡರ ಹೆಸರಿದೆ. ಬೆಳಗಾವಿಯ ವಿಜ್ಞಾನ ಕಾಲೇಜೊಂದಕ್ಕೂ ಅವರದೇ ಹೆಸರು. ನೀರೂ ವಿಜ್ಞಾನವೂ ಹೆಸರಿನಲ್ಲಿ ಕೂಡಿದಷ್ಟು ಹೊಲದಲ್ಲಿ ಕೂಡಲಿಲ್ಲವೆಂದೇ ಹೇಳಬೇಕು.

ರೋಗದ ಮೂಲವೇನೋ ಸರಳವಾದುದು. ಎರೆಮಣ್ಣಿನ ಜೇಡಿ ಕಣಗಳು ನೀರುಂಡು ಉಬ್ಬಿ, ನೀರು ಬಸಿಯುವ ದಾರಿಯನ್ನು ತಾವೇ ಮುಚ್ಚಿಬಿಡುತ್ತವೆ. ಮೇಲಿನ ಹೊಲದವನು ಮಿತಿಮೀರಿ ಹಾಯಿಸಿದ ನೀರು ತಗ್ಗಿನವನ ಹೊಲದಡಿಯಲ್ಲಿ ತುಂಬಿ ನಿಲ್ಲುತ್ತದೆ. ಅದರ ಮಟ್ಟ ನೆಲದಿಂದ ಒಂದು ಒಂದೂವರೆ ಮೀಟರಿನೊಳಗೆ ಏರಿತೆಂದರೆ, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಮಣ್ಣು ಉಪ್ಪುನೀರನ್ನು ಮೇಲಕ್ಕೆ ಹೀರತೊಡಗುತ್ತದೆ. ಬಿಸಿಲು ನೀರನ್ನು ಒಯ್ಯುತ್ತದೆ, ಉಪ್ಪು ಉಳಿಯುತ್ತದೆ. ಸೋಡಿಯಂ ಹೆಚ್ಚಿದ ಕಡೆ ನೆಲವು ಕ್ಷಾರವಾಗಿ, ಒಣಗಿದಾಗ ಇಟ್ಟಿಗೆಯಂತೆ ಬಿಗಿಯುತ್ತದೆ. ಅಂಥಲ್ಲಿ ಜಿಪ್ಸಂ ಹಾಕುವುದು ಸರಿಯಾದ ಮದ್ದೇ. ಆದರೆ ಅದರೊಳಗಿನ ಕ್ಯಾಲ್ಸಿಯಂ ಹೊರದೂಡಿದ ಸೋಡಿಯಂ ಬಸಿದು ಹೋಗಲು ದಾರಿಯೇ ಇಲ್ಲದಿದ್ದರೆ ಹಾಕಿದ ಜಿಪ್ಸಮ್ಮು ವ್ಯರ್ಥ.

ದಾರಿ ಮಾಡಿಕೊಡುವ ವಿದ್ಯೆಯೂ ಈಗ ಹೊಸದಲ್ಲ. ರಂಧ್ರಗಳುಳ್ಳ ಪ್ಲಾಸ್ಟಿಕ್ ಕೊಳವೆಗಳಿಗೆ ಸೋಸುಬಟ್ಟೆ ಸುತ್ತಿ ನೆಲದಡಿಯಲ್ಲಿ ಸಾಲುಸಾಲಾಗಿ ಹೂಳಿ, ಉಪ್ಪುನೀರನ್ನು ಹೊರಗೆ ಒಯ್ಯುವ ಈ ಅಂತರ್ಗತ ಬಸಿಗಾಲುವೆಗಳನ್ನು ನಮ್ಮ ಜಿಲ್ಲೆಯ ಉಗಾರ ಬುದ್ರುಕದಲ್ಲಿಯೇ ಹಾಕಿ ನೋಡಲಾಗಿದೆ. ಅರಭಾವಿ, ಸಂಕೇಶ್ವರಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಗಳಿವೆ. ಆಕಾಶದಿಂದಲೂ ಕಣ್ಣಿಡಲಾಗುತ್ತಿದೆ: 2015 ಮತ್ತು 2017ರಲ್ಲಿ ಹಾರಿದ ಯುರೋಪಿನ ಸೆಂಟಿನೆಲ್ ಉಪಗ್ರಹಗಳ ಜೋಡಿ ಹತ್ತು ಮೀಟರಿನಷ್ಟು ಸೂಕ್ಷ್ಮತೆಯಲ್ಲಿ ನೆಲದ ಚಿತ್ರ ತೆಗೆಯಬಲ್ಲದು, ಆ ಚಿತ್ರಗಳು ಯಾರಿಗಾದರೂ ಉಚಿತ. ಇದನ್ನು ಕೇಳಿ ಹಿಗ್ಗುವವರು ಒಂದು ಮಾತನ್ನು ನೆನೆಯಬೇಕು. ಉಪಗ್ರಹ ಕಾಣುವುದು ಮೇಲ್ಮೈಯನ್ನು; ಬಿಳಿಯ ಉಪ್ಪು ಅದರ ಕಣ್ಣಿಗೆ ಬೀಳುವ ಹೊತ್ತಿಗೆ ರೈತನಿಗೂ ಬಿದ್ದಿರುತ್ತದೆ. ಹೊಲದ ಮೂಲೆಯಲ್ಲಿ ಹುಗಿದ ರಂಧ್ರದ ಕೊಳವೆಯೊಂದಕ್ಕೆ ಅಳತೆಯ ಹಗ್ಗ ಇಳಿಬಿಟ್ಟರೆ ನೀರಿನ ಏರಿಕೆ ಅದಕ್ಕಿಂತ ಬಹಳ ಮೊದಲೇ ತಿಳಿಯುತ್ತದೆ.

ಹಾಗಾದರೆ ತಡೆಯಿರುವುದು ಎಲ್ಲಿ? ಬದುವಿನಲ್ಲಿ. ಬಸಿಗಾಲುವೆ ಒಬ್ಬನ ಹೊಲದಲ್ಲಿ ಹುಟ್ಟಿ ಹತ್ತು ಜನರ ಹೊಲ ದಾಟಿ ಹಳ್ಳ ಸೇರಬೇಕು. ಕೂಡಿ ಕೆಲಸ ಮಾಡುವುದು ಈ ನಾಡಿಗೆ ತಿಳಿಯದ ವಿದ್ಯೆಯಲ್ಲ; ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಷ್ಟು ಹಿಂದೆಯೇ ಹುಟ್ಟಿತು, ದೇಶದಲ್ಲಿ ಪ್ರಯೋಗಾರ್ಥವಾಗಿ ಆರಂಭವಾದ ಐದು ಸಂಘಗಳಲ್ಲಿ ಅದೊಂದು. ಆದರೆ ತಂತಿ ಬಂದರೆ ಎಲ್ಲರ ಮನೆಗೂ ಬೆಳಕು. ಬಸಿಗಾಲುವೆಯಿಂದ ಮೇಲಿನವನಿಗೆ ಕಣ್ಣಿಗೆ ಕಾಣುವ ಲಾಭವಿಲ್ಲ. ಅವನ ಕಬ್ಬು ಇನ್ನೂ ಹಸಿರಾಗಿದೆ. ಖರ್ಚನ್ನು ತಗ್ಗಿನವನೊಬ್ಬನೇ ಹೊರಲಾರ, ಹೊರಬೇಕೆಂಬುದು ನ್ಯಾಯವೂ ಅಲ್ಲ. ನೀರಿನ ಪಾಳಿಯನ್ನು ಹಂಚುವಾಗಲೇ ಬಸಿಯುವ ನೀರಿನ ಹೊಣೆಯನ್ನೂ ಕಾಲುವೆಯ ರೈತರೆಲ್ಲರ ಮೇಲೆ ಹಂಚಿದಲ್ಲದೆ ಕೊಳವೆಗಳು ನೆಲಕ್ಕೆ ಇಳಿಯಲಾರವು.

ಇಳಿದ ಮೇಲೂ ಪ್ರಶ್ನೆಯೊಂದು ಉಳಿದೇ ಇದೆ. ಹಳ್ಳಕ್ಕೆ ಬಿದ್ದ ಆ ಉಪ್ಪುನೀರು ಘಟಪ್ರಭೆಯನ್ನೇ ಸೇರುತ್ತದೆ, ಮತ್ತು ನದಿಯ ಕೆಳದಂಡೆಯಲ್ಲಿ ಮುಧೋಳದ ಹೊಲಗಳಿವೆ.