ಕಟ್ಟಿಟ್ಟ ಗ್ರಂಥವನ್ನು ಬಿಚ್ಚಿರಿ

ಹಿರಿಯರು ಲಿಂಗೈಕ್ಯರಾದ ಮೇಲೆ ಅವರು ನಿತ್ಯ ಓದುತ್ತಿದ್ದ ಗ್ರಂಥವನ್ನು ವಸ್ತ್ರದಲ್ಲಿ ಸುತ್ತಿ ಜಗುಲಿಯ ಮೇಲಿರಿಸುವ ಮನೆಗಳು ನಮ್ಮ ಕುಷ್ಟಗಿ ಸೀಮೆಯಲ್ಲಿ ಉಂಟು. ಬಿಚ್ಚಿದರೆ ಅಗಲಿದವರ ದನಿ ಕೇಳೀತೆಂಬ ಅಳುಕು ಸಹಜವೇ.

ವಚನಗಳ ಸ್ಥಿತಿಯೂ ಒಂದು ಕಾಲಕ್ಕೆ ಹೀಗೆಯೇ ಇದ್ದಿತು. ತಾಡೋಲೆಯ ಕಟ್ಟುಗಳಿಗೆ ಪೂಜೆ ಸಲ್ಲುತ್ತಿತ್ತು; ಓದುವವರು ವಿರಳ. ಫ. ಗು. ಹಳಕಟ್ಟಿಯವರು ಅವನ್ನು ಹುಡುಕಿ, ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಕಟ್ಟು ಬಿಚ್ಚಿದ್ದರಿಂದಲೇ ಆ ನುಡಿ ನಮ್ಮ ನಾಲಿಗೆಗೆ ಮರಳಿತು.

ನೊಂದ ಮನಕ್ಕೆ ದೊಡ್ಡ ಪುರಾಣ ಭಾರವೆನಿಸಬಹುದು. ವಚನವಾದರೋ ಕೆಲವೇ ಸಾಲಿನದು. ಸಂಜೆ ಲಿಂಗಪೂಜೆಯ ತರುವಾಯ ಒಂದನ್ನೇ ಗಟ್ಟಿಯಾಗಿ ಓದಿರಿ. ಕಣ್ಣು ತುಂಬಿದರೆ ನಿಲ್ಲಿಸಿರಿ, ಮೊಮ್ಮಕ್ಕಳು ಮುಂದುವರಿಸಲಿ. ದಿನ ಕಳೆದಂತೆ ಓದಿನ ಸವಿ ತಾನಾಗಿ ಮರಳುವುದು. ಅಗಲಿದವರ ಓದು ಮನೆಯಲ್ಲಿ ನಡೆದುಬರುವುದೇ ಅವರಿಗೆ ಸಲ್ಲುವ ಸ್ಮರಣೆ.