ವೇಗಸ್ ದಾಟಿದ ಮೇಲೆ
ಅಮೆರಿಕದ ಮಕ್ಕಳ ಮನೆಗೆ ಹೊರಟ ಅಪ್ಪ-ಅಮ್ಮಂದಿರ ಪ್ರವಾಸದ ಪಟ್ಟಿ ಬದಲಾಗುವುದೇ ಇಲ್ಲ. ಈ ವಾರ ಕಣ್ಣಿಗೆ ಬಿದ್ದದ್ದರಲ್ಲೂ ಅದೇ ನ್ಯೂಯಾರ್ಕ್, ಅದೇ ನಯಾಗರ, ಅದೇ ಲಾಸ್ ವೇಗಸ್. ವೇಗಸ್‌ನಿಂದ ಮೂರು ತಾಸು ಕಾರು ಓಡಿಸಿದರೆ ಯೂಟಾ ರಾಜ್ಯದ ಝಯಾನ್ ಕಣಿವೆ ಸಿಗುತ್ತದೆ ಎಂಬುದು ಯಾಕೋ ಯಾರಿಗೂ ಹೊಳೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 9 ರಾಷ್ಟ್ರೀಯ ಉದ್ಯಾನಗಳಿವೆ, ನಿಜ; ಆದರೆ ಅವು ರಾಜ್ಯದ ಉದ್ದಕ್ಕೂ ಚದುರಿವೆ. ಯೂಟಾದ ಐದೂ ದಕ್ಷಿಣ ಭಾಗದಲ್ಲೇ ಇದ್ದು, ಒಂದು ವಾರದ ರಜೆಯಲ್ಲಿ ನೋಡಿ ಮುಗಿಸಬಹುದು. ಬಾದಾಮಿಯ ಬಂಡೆ ಕಂಡವರಿಗೆ ಝಯಾನ್‌ನ ಕೆಂಪು ಮರಳುಗಲ್ಲು ತೀರಾ ಅಪರಿಚಿತವೇನಲ್ಲ. ಬ್ರೈಸ್ ಕ್ಯಾನಿಯನ್ ಬೇರೆಯೇ ಮಾತು: ಬಿರುಕುಗಳಿಗೆ ಇಳಿದ ನೀರು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಸುಣ್ಣಗಲ್ಲನ್ನು ಕಂಬಗಳ ಕಾಡಾಗಿಸಿದೆ. ಹೋಗುವವರಿಗೆ ಒಂದೇ ಎಚ್ಚರಿಕೆ, ಇಂಟರ್‌ಸ್ಟೇಟ್ 70ರಲ್ಲಿ ಗ್ರೀನ್ ರಿವರ್ ಬಿಟ್ಟರೆ ಸಲೈನಾವರೆಗೆ, ಸುಮಾರು 170 ಕಿ.ಮೀ., ಪೆಟ್ರೋಲ್ ಬಂಕ್ ಇಲ್ಲ. ಟ್ಯಾಂಕ್ ತುಂಬಿಸಿಕೊಂಡೇ ಹೊರಡಿ.