ರಾಯರು ಬೇಡವೆಂದ ಮಾತು

ನಮ್ಮ ಸಂವಿಧಾನವನ್ನು ಬರೆದವರು ಯಾರೆಂದು ಕೇಳಿದರೆ ಶಾಲೆಯ ಹುಡುಗನೂ ಅಂಬೇಡ್ಕರರ ಹೆಸರನ್ನು ಹೇಳುತ್ತಾನೆ, ಹೇಳಬೇಕಾದುದೂ ಹೌದು. ಆದರೆ ಅಂಬೇಡ್ಕರರೇ 1949ನೆಯ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ, ತಮಗೆ ಸಲ್ಲುತ್ತಿರುವ ಕೀರ್ತಿಯಲ್ಲಿ ಒಂದು ಪಾಲು ಬೆನಗಲ್ ನರಸಿಂಗರಾಯರದೆಂದರು. ಈ ರಾಯರು ನಮ್ಮ ಮಂಗಳೂರಿನವರು. 1887ರಲ್ಲಿ ವೈದ್ಯರೊಬ್ಬರ ಮನೆಯಲ್ಲಿ ಹುಟ್ಟಿ, ಮದರಾಸಿನಲ್ಲಿಯೂ ಕೇಂಬ್ರಿಜ್ಜಿನಲ್ಲಿಯೂ ಓದಿ, ಐ.ಸಿ.ಎಸ್. ಸೇರಿ, ಕಲ್ಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾದವರು. 1946ರಿಂದ ಸಂವಿಧಾನ ಸಭೆಗೆ ಸಲಹೆಗಾರರು, ಅದೂ ಸಂಬಳವಿಲ್ಲದೆ. 1947ರ ಅಕ್ಟೋಬರಿನಲ್ಲಿ ಸಿದ್ಧವಾದ ಮೊದಲ ಕರಡು ಅವರ ಕೈಯದು.

ಅವರ ಬಾಳಿನಲ್ಲಿ ನನ್ನನ್ನು ಚಿಂತೆಗೆ ಹಚ್ಚುವುದು ಒಂದೇ ಒಂದು ಮಾತು. ‘ನ್ಯಾಯೋಚಿತ ಕ್ರಮ’ವಿಲ್ಲದೆ ಯಾರ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಕಸಿಯಕೂಡದೆಂದು ಮೂಲಭೂತ ಹಕ್ಕುಗಳ ಉಪಸಮಿತಿ ಬರೆದಿತ್ತು. ಅಮೆರಿಕದ ಸಂವಿಧಾನದಿಂದ ತಂದ ಮಾತು ಅದು. ಅದಿದ್ದಲ್ಲಿ ನ್ಯಾಯಾಲಯವು, ಕಾನೂನಿನಂತೆ ನಡೆದರೇ ಎಂದು ಮಾತ್ರವಲ್ಲ, ಆ ಕಾನೂನಾದರೂ ನ್ಯಾಯವೇ ಎಂದು ಕೇಳಬಹುದು.

ರಾಯರಿಗೆ ಅದೇ ಅಂಜಿಕೆ. ಅಮೆರಿಕಕ್ಕೆ ಹೋಗಿ ಅಲ್ಲಿಯ ಸುಪ್ರೀಂ ಕೋರ್ಟಿನ ಫ್ರಾಂಕ್‌ಫರ್ಟರರನ್ನು ಕಂಡಾಗ ಅವರೂ ಬೇಡವೆಂದೇ ಹೇಳಿದರು: ಜನ ಆರಿಸಿದ ಶಾಸನಸಭೆಯ ಮೇಲೆ ಕೆಲವೇ ನ್ಯಾಯಾಧೀಶರ ಕೈ ಮೇಲಾಗುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವುದಿಲ್ಲ. ಆಧಾರವಿಲ್ಲದ ಅಂಜಿಕೆಯೂ ಅದಲ್ಲ. ಬ್ರೆಡ್ಡಿನ ಭಟ್ಟಿಯ ಕೆಲಸಗಾರರನ್ನು ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ನ್ಯೂಯಾರ್ಕಿನ ಶಾಸನವನ್ನು ಇದೇ ಮಾತಿನ ಬಲದಿಂದ ಅಲ್ಲಿಯ ಸುಪ್ರೀಂ ಕೋರ್ಟು 1905ರಲ್ಲಿ ಹೊಡೆದುಹಾಕಿತ್ತು. ಶಿಡ್ಲಘಟ್ಟದಲ್ಲಿ ಬಿಸಿನೀರಿನೊಳಗೆ ಬೆರಳಿಟ್ಟು ರೇಷ್ಮೆಗೂಡಿನ ನೂಲು ಬಿಚ್ಚುವವರಿಗಾಗಿ ನಾಳೆ ಅಂಥದೊಂದು ಶಾಸನ ಬಂದರೆ ಅದರ ಗತಿಯೇನು? ರಾಯರ ಪಕ್ಷವನ್ನು ನಮ್ಮ ಸೀಮೆಯವರು ಹೀಗೆ ಅರ್ಥಮಾಡಿಕೊಳ್ಳಬಹುದು.

ಕರಡು ಸಮಿತಿ ಆ ಮಾತನ್ನು ತೆಗೆದು, ಜಪಾನಿನ ಸಂವಿಧಾನದ ಮಾದರಿಯಲ್ಲಿ ‘ಕಾನೂನು ವಿಧಿಸಿದ ಕ್ರಮ’ ಎಂದು ಬರೆಯಿತು. ಅದೇ 21ನೆಯ ವಿಧಿ.

ಆದರೆ ನಮ್ಮ ಸೀಮೆಯಲ್ಲೇ ಗೌರಿಬಿದನೂರಿನ ವಿದುರಾಶ್ವತ್ಥವೂ ಇದೆಯಷ್ಟೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಅಲ್ಲಿ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ತೆತ್ತರು. ಸಭೆ ಸೇರಬಾರದೆಂಬ ಆಜ್ಞೆ ಸರ್ಕಾರದ ಮೊಹರು ಹೊತ್ತೇ ಬಂದಿತ್ತು. ಆಜ್ಞೆಯಿದ್ದಿತೇ ಎಂದು ಕೇಳಿದರೆ ಇದ್ದಿತು. ಆಜ್ಞೆ ನ್ಯಾಯವೇ ಎಂದು ಕೇಳುವವರು ಯಾರು? ರಾಯರು ನ್ಯಾಯಾಧೀಶರಿಗೆ ಹೆದರಿದಷ್ಟು ಶಾಸನ ಮಾಡುವವರಿಗೆ ಹೆದರಲಿಲ್ಲವೆಂದು ನನಗೆ ತೋರುತ್ತದೆ.

ಬೆಲೆ ಬೇಗನೆ ತೆರಬೇಕಾಯಿತು. ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದ ಕೇರಳದ ಎ.ಕೆ. ಗೋಪಾಲನ್ನರು ಸುಪ್ರೀಂ ಕೋರ್ಟಿಗೆ ಹೋದರು. ಶಾಸನಸಭೆ ಮಾಡಿದ ಕಾನೂನಿದೆ, ಅದರಂತೆ ಹಿಡಿದಿದ್ದಾರೆ, ಸಾಕು ಎಂದು 1950ರ ಮೇ 19ರಂದು ಬಹುಮತದ ತೀರ್ಪು ಬಂದಿತು. ಆ ಹೊತ್ತಿಗೆ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ. ಮುಂದಿನ ತಿಂಗಳು ಕೊರಿಯದ ಯುದ್ಧ ಸಿಡಿದಾಗ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿ ಕುಳಿತಿದ್ದವರು ಅವರೇ. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ನ್ಯಾಯಾಧೀಶರಾಗಿ ಹೋದರು. ಮರುವರ್ಷ ನವೆಂಬರಿನಲ್ಲಿ ಜೂರಿಕ್ಕಿನಲ್ಲಿ ತೀರಿಕೊಂಡರು.

ಅವರು ಬೇಡವೆಂದ ಮಾತು ಮಾತ್ರ ಹಿಂಬಾಗಿಲಿನಿಂದ ಮರಳಿತು. 1978ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟಿನ ಮೊಕದ್ದಮೆಯಲ್ಲಿ, ‘ಕ್ರಮ’ವೆಂದರೆ ನ್ಯಾಯವೂ ಯುಕ್ತವೂ ಆದ ಕ್ರಮವೇ ಆಗಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ವಿಧಿಯ ಅಕ್ಷರ ಬದಲಾಗಲಿಲ್ಲ. ಓದುವ ಕಣ್ಣು ಬದಲಾಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ, ಖಾಸಗಿತನವೂ ಮೂಲಭೂತ ಹಕ್ಕೆಂದು ಸಾರಿದಾಗ ಆಧಾರವಾದುದೂ ಮುಖ್ಯವಾಗಿ ಅದೇ 21ನೆಯ ವಿಧಿ. ಆ ಮೊಕದ್ದಮೆಯನ್ನು 2012ರಲ್ಲಿ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ.ಎಸ್. ಪುಟ್ಟಸ್ವಾಮಿಯವರು. ಆಗ ಅವರಿಗೆ 86 ವರ್ಷ.